ಲಾರಿ ಮೇಲಿನ ಯಂತ್ರದ ಎತ್ತರ ಅಳೆಯೋದು ಯಾರ ಕೆಲಸ?

ರೈಲ್ವೆ ಕೆಳಸೇತುವೆಗಳ ಮುಂದೆ ರಸ್ತೆಗೆ ಅಡ್ಡವಾಗಿ ಹಳದಿ-ಕಪ್ಪು ಪಟ್ಟೆಯ ಕಬ್ಬಿಣದ ಚೌಕಟ್ಟು ನಿಂತಿರೋದನ್ನ ನೀವೂ ನೋಡಿರ್ತೀರಿ. ಮುಂದಿನ ಸಲ ಸಿಗ್ನಲ್‌ನಲ್ಲಿ ನಿಂತಾಗ ಅದರ ಮೇಲಿನ ಅಡ್ಡಪಟ್ಟಿಯನ್ನ ಸ್ವಲ್ಪ ಗಮನಿಸಿ. ಎಷ್ಟೋ ಕಡೆ ಅದು ನೆಟ್ಟಗಿರೋದಿಲ್ಲ. ಮಧ್ಯದಲ್ಲಿ ಬಾಗಿರುತ್ತೆ, ಬಣ್ಣ ಕಿತ್ತುಹೋಗಿರುತ್ತೆ. ಅಲ್ಲಿ ಆ ಚೌಕಟ್ಟು ಇಲ್ಲದಿದ್ದರೆ ಆ ಏಟು ಸೇತುವೆಗೆ ಬೀಳ್ತಿತ್ತು.

ಲಾರಿಯೊಂದು ಸೇತುವೆಗೆ ಸಿಕ್ಕಿಹಾಕಿಕೊಂಡ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಬಂದಾಗ ನಮ್ಮೆಲ್ಲರ ಪ್ರತಿಕ್ರಿಯೆ ಒಂದೇ: "ಡ್ರೈವರ್‌ಗೆ ಕಣ್ಣು ಕಾಣಲ್ವಾ?" ಈ ವಿಷಯದ ಬಗ್ಗೆ ಓದ್ತಾ ಹೋದ ಹಾಗೆ ನನಗೆ ಅನಿಸಿದ್ದು ಬೇರೆ. ಆ ಲಾರಿ ಸೇತುವೆಯ ಕೆಳಗೆ ಬರೋ ಹೊತ್ತಿಗೆ ಅದರ ಎತ್ತರ ಅನ್ನೋ ಒಂದು ಸಂಖ್ಯೆ ಕನಿಷ್ಠ ನಾಲ್ಕೈದು ಜನರ ಕೈ ದಾಟಿ ಬಂದಿರುತ್ತೆ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿರ್ತಾರೆ ಅಂದುಕೊಂಡಿರ್ತಾರೆ.

ಇದನ್ನ ತುಂಬಾ ಸ್ಪಷ್ಟವಾಗಿ ತೋರಿಸೋ ಒಂದು ಘಟನೆ ಅಮೆರಿಕದಲ್ಲಿ ನಡೆದಿದೆ. ಅದರ ಸರ್ಕಾರಿ ತನಿಖೆ ಆಗಿ, ವರದಿಯೂ ಬಂದಿರೋದರಿಂದ ಎಲ್ಲಿ ಏನು ತಪ್ಪಿತು ಅಂತ ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ಸ್ಕ್ಯಾಜಿಟ್ ನದಿಯ ಸೇತುವೆ

2013ರ ಮೇ 23ರ ಸಂಜೆ. ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಕೆನಡಾ ಗಡಿಯ ಕಡೆಗೆ ಹೋಗೋ ಐ-5 ಹೆದ್ದಾರಿ ಸ್ಕ್ಯಾಜಿಟ್ ನದಿಯನ್ನ ದಾಟುತ್ತೆ. ಅಲ್ಲಿದ್ದದ್ದು 1955ರಲ್ಲಿ ಕಟ್ಟಿದ ಉಕ್ಕಿನ ಸೇತುವೆ. ದಿನಕ್ಕೆ ಸುಮಾರು 71,000 ವಾಹನಗಳು ಓಡಾಡ್ತಿದ್ದವು. ಕೆನಡಾದ ಆಲ್ಬರ್ಟಾದಿಂದ ಬರ್ತಿದ್ದ ಟ್ರಕ್ ಒಂದರ ಮೇಲೆ, ಕೊರೆಯುವ ಯಂತ್ರಗಳಿಗೆ ಬಳಸೋ ದೊಡ್ಡ ಲೋಹದ ಶೆಡ್ ಇತ್ತು. ಆ ಶೆಡ್‌ನ ಮೇಲಿನ ಮೂಲೆ ಸೇತುವೆಯ ತಲೆಯ ಮೇಲಿದ್ದ ಅಡ್ಡ ಚೌಕಟ್ಟುಗಳಿಗೆ ಒಂದಾದ ಮೇಲೊಂದರಂತೆ ಹೊಡೀತು. ಟ್ರಕ್ ಸೇತುವೆ ದಾಟಿ ಆಚೆ ಹೋಗಿ ನಿಂತಿತು. ಅದರ ಹಿಂದೆ ಸೇತುವೆಯ ಒಂದು ಭಾಗ, ಸುಮಾರು 160 ಅಡಿ ಉದ್ದದ್ದು, ನದಿಗೆ ಬಿತ್ತು. ಅದರ ಜೊತೆ ಎರಡು ವಾಹನಗಳೂ ನೀರಿಗೆ ಬಿದ್ದವು. ಒಳಗಿದ್ದ ಮೂವರೂ ಬದುಕಿದರು.

ಈಗ ಸಂಖ್ಯೆಗಳನ್ನ ನೋಡೋಣ. ಸಾಗಣೆ ಕಂಪನಿ ಪರ್ಮಿಟ್‌ನಲ್ಲಿ ಬರೆಸಿದ ಎತ್ತರ 15 ಅಡಿ 9 ಇಂಚು. ಲೋಡ್‌ನ ನಿಜವಾದ ಎತ್ತರ 15 ಅಡಿ 11 ಇಂಚು. ಎರಡು ಇಂಚು ವ್ಯತ್ಯಾಸ ಅಷ್ಟೇ. ಆದರೆ ಸೇತುವೆ ಬಿದ್ದದ್ದು ಈ ಎರಡು ಇಂಚಿನಿಂದ ಅಲ್ಲ. ಆ ಸೇತುವೆಯ ಮೇಲ್ಭಾಗ ಕಮಾನಿನ ಆಕಾರದಲ್ಲಿತ್ತು. ರಸ್ತೆಯ ನಡುವೆ 17 ಅಡಿಗಿಂತ ಹೆಚ್ಚು ಜಾಗ, ಬಲ ಅಂಚಿಗೆ ಬಂದರೆ 15 ಅಡಿಗೂ ಕಡಿಮೆ. ಟ್ರಕ್ ಹೋಗ್ತಿದ್ದದ್ದು ಬಲಗಡೆಯ ಲೇನ್‌ನಲ್ಲಿ. ಅಂದರೆ ಪರ್ಮಿಟ್‌ನಲ್ಲಿ ಬರೆದ ಎತ್ತರವೇ ನಿಜವಾಗಿದ್ದರೂ ಅಂಚಿನಲ್ಲಿ ತಾಗೋದು ತಾಗ್ತಿತ್ತು. ಎಡಗಡೆಯ ಲೇನ್‌ನಲ್ಲಿ ಹೋಗಿದ್ದರೆ ದಾಟಬಹುದಿತ್ತು. ಆದರೆ ಅದನ್ನ ಹೇಳೋ ಫಲಕ ಅಲ್ಲಿ ಇರಲಿಲ್ಲ.

ಪರ್ಮಿಟ್ ಸಿಕ್ಕಿದ್ದು ಆನ್‌ಲೈನ್‌ನಲ್ಲಿ. ಎತ್ತರ, ಅಗಲ, ಮಾರ್ಗ ತುಂಬಿದರೆ ಸಾಕು. ದಾರಿಯಲ್ಲಿರೋ ಸೇತುವೆಗಳಲ್ಲಿ ಜಾಗ ಇದೆಯಾ ಅಂತ ನೋಡಿಕೊಳ್ಳೋ ಹೊಣೆ ಸಾಗಣೆದಾರರದ್ದೇ ಅಂತ ನಿಯಮ. ಸೇತುವೆಗಳ ಎತ್ತರದ ಮಾಹಿತಿ ರಾಜ್ಯದ ಸಾರಿಗೆ ಇಲಾಖೆಯ ಹತ್ತಿರವೇ ಇತ್ತು. ಸಾಫ್ಟ್‌ವೇರ್ ಕೆಲಸ ಮಾಡೋ ನನ್ನಂಥವರಿಗೆ ಇಲ್ಲಿ ಕೈ ತುರಿಸುತ್ತೆ. ಒಂದು ಟೇಬಲ್‌ನಲ್ಲಿ ಲೋಡ್‌ನ ಎತ್ತರ, ಇನ್ನೊಂದರಲ್ಲಿ ಸೇತುವೆಯ ಎತ್ತರ. ಎರಡನ್ನೂ ಹೋಲಿಸಿ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ ತೋರಿಸೋದು ದೊಡ್ಡ ಕೆಲಸ ಅಲ್ಲ. ಫಾರ್ಮ್ ತುಂಬಿಸಿಕೊಳ್ಳೋದನ್ನೇ ಪರಿಶೀಲನೆ ಅಂದುಕೊಂಡರೆ ಹೀಗಾಗುತ್ತೆ.

ಟ್ರಕ್‌ನ ಮುಂದೆ ಒಂದು ಪೈಲಟ್ ಕಾರು ಇತ್ತು. ಅದರ ಮುಂಭಾಗದಲ್ಲಿ ಲೋಡ್‌ಗಿಂತ ಸ್ವಲ್ಪ ಎತ್ತರದ ಕಂಬ ಕಟ್ಟಿರ್ತಾರೆ. ಕಂಬ ಯಾವುದಕ್ಕಾದರೂ ತಾಗಿದರೆ ಹಿಂದಿನ ಟ್ರಕ್‌ಗೆ ತಕ್ಷಣ ಹೇಳಬೇಕು. ಆ ಹೊತ್ತಿನಲ್ಲಿ ಪೈಲಟ್ ಕಾರಿನ ಚಾಲಕಿ ಹ್ಯಾಂಡ್ಸ್-ಫ್ರೀ ಫೋನ್‌ನಲ್ಲಿ ಮಾತಾಡ್ತಿದ್ದರು. ಟ್ರಕ್ ಕೂಡ ಅವರ ಹಿಂದೆ ತೀರಾ ಹತ್ತಿರದಲ್ಲಿತ್ತು. ಎಚ್ಚರಿಕೆ ಬಂದಿದ್ದರೂ ನಿಲ್ಲಿಸೋದು ಕಷ್ಟವಿತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ದೂಷಿಸಿದ್ದು ಒಬ್ಬರನ್ನಲ್ಲ. ಸಾಗಣೆ ಕಂಪನಿಯ ಮಾರ್ಗ ಯೋಜನೆ, ಪರ್ಮಿಟ್ ಕೊಡೋ ವ್ಯವಸ್ಥೆ, ಪೈಲಟ್ ಕಾರಿನ ನಿರ್ಲಕ್ಷ್ಯ, ಮೂರನ್ನೂ ಹೆಸರಿಸಿತು.

27 ದಿನಕ್ಕೆ ತಾತ್ಕಾಲಿಕ ಸೇತುವೆ ಬಂತು, ಸೆಪ್ಟೆಂಬರ್‌ನಲ್ಲಿ ಶಾಶ್ವತ ಭಾಗ ಬಂತು. ಹೊಸ ಭಾಗದಲ್ಲಿ ತಲೆಯ ಮೇಲೆ ಚೌಕಟ್ಟೇ ಇಲ್ಲ.

ಎತ್ತರ ಅನ್ನೋದು ಒಂದೇ ಸಂಖ್ಯೆ ಅಲ್ಲ

ಯಂತ್ರದ ಬ್ರೋಷರ್ ನೋಡಿದರೆ ಎತ್ತರ ಗೊತ್ತಾಗುತ್ತಲ್ಲ, ಇದರಲ್ಲೇನು ಕಷ್ಟ ಅನಿಸಬಹುದು. ನಮ್ಮ ರಸ್ತೆಗಳಲ್ಲಿ ದಿನಾ ಕಾಣೋ 20 ಟನ್ ವರ್ಗದ ಎಕ್ಸ್‌ಕವೇಟರ್ ತಗೊಳ್ಳಿ. ಅದರ ತೋಳನ್ನ ಪೂರ್ತಿ ಮಡಚಿ ಕೂರಿಸಿದಾಗ ಎತ್ತರ ಸುಮಾರು 3 ಮೀಟರ್. ನೆಲಕ್ಕೆ ಹತ್ತಿರ ಇರೋ ಲೋ-ಬೆಡ್ ಟ್ರೇಲರ್‌ನ ತಳ ಸುಮಾರು 1 ಮೀಟರ್ ಎತ್ತರದಲ್ಲಿರುತ್ತೆ. ಒಟ್ಟು 4 ಮೀಟರ್. ಅದೇ ಯಂತ್ರವನ್ನ ಬಾಡಿಗೆ ಕಡಿಮೆ ಅಂತ ಮಾಮೂಲಿ ಫ್ಲಾಟ್‌ಬೆಡ್ ಮೇಲೆ ಹತ್ತಿಸಿದರೆ ತಳವೇ ಒಂದೂವರೆ ಮೀಟರ್. ಯಂತ್ರ ಅದೇ, ಡ್ರೈವರ್ ಅದೇ, ರಸ್ತೆ ಅದೇ. ಎತ್ತರ ಮಾತ್ರ ಅರ್ಧ ಮೀಟರ್ ಜಾಸ್ತಿ.

ಇನ್ನು ತೋಳು. ಆಪರೇಟರ್ ಅವಸರದಲ್ಲಿ ಅದನ್ನ ಪೂರ್ತಿ ಇಳಿಸದೆ ಬಿಟ್ಟರೆ ಇನ್ನಷ್ಟು ಸೇರುತ್ತೆ. ಹೈಡ್ರಾಲಿಕ್ ತೋಳನ್ನ ಚೈನ್ ಹಾಕಿ ಬಿಗಿಯದಿದ್ದರೆ ದಾರಿಯ ಕುಲುಕಾಟದಲ್ಲಿ ಜಾಗ ಬದಲಿಸಬಹುದು. ಹೊರಟಾಗ ಅಳೆದ ಎತ್ತರ ತಲುಪುವಾಗ ಅದೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಸೇತುವೆಯ ಕಡೆಯ ಸಂಖ್ಯೆಯೂ ಕೂತಲ್ಲೇ ಕೂರೋದಿಲ್ಲ. ಹಳೆ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕಿದರೆ ಪ್ರತಿ ಸಲ ನಾಲ್ಕೈದು ಸೆಂಟಿಮೀಟರ್ ಜಾಗ ಕಡಿಮೆ. ಮೂರು ಸಲ ಹಾಕಿದರೆ ಅರ್ಧ ಅಡಿ ಹೋಯ್ತು. ಫಲಕದ ಮೇಲೆ ಮಾತ್ರ ಹಳೇ ಅಂಕಿಯೇ ಇರುತ್ತೆ. ಕೆಳಸೇತುವೆಯ ರಸ್ತೆ ತಗ್ಗಿಗಿಳಿದು ಮತ್ತೆ ಏರುತ್ತಲ್ಲ, ಅಲ್ಲೂ ಒಂದು ಮೋಸ ಇದೆ. ಉದ್ದದ ಟ್ರೇಲರ್‌ನ ಮುಂದಿನ ಚಕ್ರ ಒಂದು ಇಳಿಜಾರಿನಲ್ಲಿ, ಹಿಂದಿನದು ಇನ್ನೊಂದರಲ್ಲಿ ಇರುತ್ತೆ. ಹಾಗಾಗಿ ನಡುಭಾಗ ತಗ್ಗಿನ ಆಳಕ್ಕೆ ಇಳಿಯೋದೇ ಇಲ್ಲ. ಗಿಡ್ಡ ಲಾರಿಗೆ ಸಿಗೋ ಜಾಗಕ್ಕಿಂತ ಉದ್ದದ ಟ್ರೇಲರ್‌ಗೆ ಸಿಗೋದು ಕೆಲವು ಸೆಂಟಿಮೀಟರ್ ಕಡಿಮೆ.

ಏಟು ಎಷ್ಟು ಜೋರು?

ಇಂಜಿನಿಯರಿಂಗ್ ಮೊದಲ ವರ್ಷದ ಲೆಕ್ಕ ಸಾಕು. 40 ಟನ್ ತೂಕದ ಟ್ರೇಲರ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ, ಅದೇ 40 ಟನ್ನನ್ನ ಸುಮಾರು 14 ಮೀಟರ್ ಎತ್ತರದಿಂದ ಕೆಳಗೆ ಬಿಟ್ಟಷ್ಟು. ಅಂದರೆ ನಾಲ್ಕು ಮಹಡಿಯ ಮೇಲಿಂದ. ಅದೆಲ್ಲಾ ಸೇತುವೆಗೇ ಹೋಗೋದಿಲ್ಲ, ನಿಜ. ಆದರೆ ಹೆಚ್ಚಿನ ಸೇತುವೆಗಳನ್ನ ಮುಖ್ಯವಾಗಿ ಮೇಲಿಂದ ಕೆಳಕ್ಕೆ ಬೀಳೋ ಭಾರ ಹೊರೋದಕ್ಕೆ ಕಟ್ಟಿರ್ತಾರೆ. ಪಕ್ಕದಿಂದ ಬರೋ ಗುದ್ದು ಅವುಗಳಿಗೆ ಹೊಸದು. ಸ್ಕ್ಯಾಜಿಟ್ ಮಾದರಿಯ ಹಳೆ ಉಕ್ಕಿನ ಸೇತುವೆಗಳಲ್ಲಿ ಒಂದು ಮುಖ್ಯ ಭಾಗ ಹೋದರೆ ಆ ಭಾರ ಹೊರೋಕೆ ಬೇರೆ ಭಾಗ ಇರೋದಿಲ್ಲ.

2016ರ ಆಗಸ್ಟ್ 27ರಂದು ಇಂಗ್ಲೆಂಡ್‌ನ ಕೆಂಟ್‌ನಲ್ಲಿ, ಎಕ್ಸ್‌ಕವೇಟರ್ ಹೊತ್ತ ಲಾರಿ ಎಂ-20 ಹೆದ್ದಾರಿಯ ಮೇಲಿನ ಪಾದಚಾರಿ ಸೇತುವೆಗೆ ಹೊಡೆದು ಅದರ ಒಂದು ಭಾಗವೇ ರಸ್ತೆಗೆ ಬಿತ್ತು. ಹಿಂದೆ ಬರ್ತಿದ್ದ ಬೈಕ್ ಸವಾರ ಪಕ್ಕೆಲುಬು ಮುರಿದುಕೊಂಡು ಪಾರಾದರು. ರೈಲ್ವೆ ಸೇತುವೆಯಾದರೆ ಅಪಾಯ ಇನ್ನೊಂದು ಥರ. ಸೇತುವೆ ಬೀಳಬೇಕಿಲ್ಲ. ಏಟಿಗೆ ಅದರ ಮೇಲಿನ ಹಳಿ ಸ್ವಲ್ಪ ಜರುಗಿದರೂ ಮುಂದೆ ಬರೋ ರೈಲಿಗೆ ಅದು ಸಾಕು.

ಫಲಕ ಹಾಕಿದರೆ ಸಾಕಾ?

ಅಮೆರಿಕದ ಡರ್ಹಮ್ ಪಟ್ಟಣದ ರೈಲ್ವೆ ಸೇತುವೆಯ ವಿಡಿಯೋಗಳನ್ನ ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. ಅದರ ಕೆಳಗಿನ ಜಾಗ 11 ಅಡಿ 8 ಇಂಚು. 2008ರಿಂದ ಅಲ್ಲಿ ಕ್ಯಾಮೆರಾ ಇಟ್ಟು ಲಾರಿಗಳ ಚಾವಣಿ ಸಿಪ್ಪೆ ಸುಲಿದ ಹಾಗೆ ಕಿತ್ತುಬರೋದನ್ನ ಒಬ್ಬರು ದಾಖಲಿಸ್ತಾ ಬಂದಿದ್ದಾರೆ. ಫಲಕಗಳಿದ್ದವು. ಎತ್ತರದ ಲಾರಿ ಬಂದರೆ ಸಿಗ್ನಲ್ ಕೆಂಪಾಗೋ ಸೆನ್ಸರ್ ಬಂತು. ಆದರೂ ಏಟು ನಿಲ್ಲಲಿಲ್ಲ. 2019ರಲ್ಲಿ ಸೇತುವೆಯನ್ನೇ 8 ಇಂಚು ಎತ್ತರಿಸಿದರು. ಅದಾದ ಮೇಲೂ ಹೊಡೆದವರಿದ್ದಾರೆ.

ಸಿಡ್ನಿಯ ಹಾರ್ಬರ್ ಸುರಂಗದಲ್ಲಿ ಬೇರೆ ದಾರಿ ಕಂಡುಕೊಂಡರು. ಎಚ್ಚರಿಕೆಗಳನ್ನೆಲ್ಲಾ ದಾಟಿ ಬಂದ ಎತ್ತರದ ಲಾರಿಯ ಮುಂದೆ ಮೇಲಿಂದ ನೀರಿನ ಪರದೆ ಸುರಿಯುತ್ತೆ. ಅದರ ಮೇಲೆ ದೊಡ್ಡದಾಗಿ "ಸ್ಟಾಪ್" ಚಿಹ್ನೆ ಬೆಳಗುತ್ತೆ. ಗೋಡೆಯಂತೆ ಕಾಣೋದರಿಂದ ಚಾಲಕ ನಿಲ್ಲಿಸಲೇಬೇಕು. ಕೊನೆಯ ಕ್ಷಣದಲ್ಲಿ ಒಳ್ಳೆಯ ಉಪಾಯವೇ. ಆದರೂ ಅದು ಕೊನೆಯ ಕ್ಷಣ. ಲೋಡ್ ಹೊರಟ ಜಾಗದಲ್ಲಿ ಒಂದು ಟೇಪ್ ಹಿಡಿದಿದ್ದರೆ ಇಷ್ಟೆಲ್ಲಾ ಬೇಕಿರಲಿಲ್ಲ.

ನಮ್ಮಲ್ಲಿ ಲೆಕ್ಕ ಹೇಗಿದೆ?

2020ರ ತಿದ್ದುಪಡಿಯ ನಂತರ ನಮ್ಮ ಸರಕು ಲಾರಿಗಳಿಗೆ ಎತ್ತರದ ಮಿತಿ 4 ಮೀಟರ್. ಕಂಟೇನರ್ ಟ್ರೇಲರ್‌ಗಳಿಗೆ 4.52 ಮೀಟರ್. ಹೊಸ ಹೆದ್ದಾರಿಗಳಲ್ಲಿ ದೊಡ್ಡ ವಾಹನಗಳ ಕೆಳಸೇತುವೆಗೆ 5.5 ಮೀಟರ್ ಜಾಗ ಬಿಡೋದು ಮಾನದಂಡ. ಹೆದ್ದಾರಿಯಲ್ಲಿದ್ದಷ್ಟು ಹೊತ್ತು ಸಮಸ್ಯೆ ಕಡಿಮೆ. ತೊಂದರೆ ಶುರುವಾಗೋದು ಕೊನೆಯ ಕೆಲವು ಕಿಲೋಮೀಟರ್‌ನಲ್ಲಿ, ಹೆದ್ದಾರಿ ಬಿಟ್ಟು ಊರೊಳಗಿನ ಹಳೆ ರೈಲ್ವೆ ಸೇತುವೆ, ತಗ್ಗಿದ ವಿದ್ಯುತ್ ತಂತಿಗಳ ಕಡೆ ತಿರುಗಿದಾಗ. ನಮ್ಮ ಫೋನಿನ ಮ್ಯಾಪ್ ಆ್ಯಪ್‌ಗಳು ಕಾರು, ಬೈಕಿನವರಿಗೆ ಮಾಡಿದವು. "ನಿಮ್ಮ ಲೋಡ್ ಎಷ್ಟು ಎತ್ತರ?" ಅಂತ ಅವು ಕೇಳೋದೇ ಇಲ್ಲ.

ಮಿತಿ ಮೀರಿದ ಎತ್ತರ, ಅಗಲದ ಲೋಡ್‌ಗೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ 20,000 ರೂಪಾಯಿ ದಂಡ ಇಟ್ಟಿದೆ. ಕೋಟಿ ರೂಪಾಯಿ ಯಂತ್ರದ ಸಾಗಣೆಯಲ್ಲಿ ಅದು ದೊಡ್ಡ ಮೊತ್ತವೇನಲ್ಲ.

ಸರಿಯಾಗಿ ಮಾಡೋಕೆ ನಮಗೆ ಬರಲ್ಲ ಅಂತಲ್ಲ. ಮಹಾರಾಷ್ಟ್ರದಿಂದ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರಕ್ಕೆ ಒಂದು ಏರೋಸ್ಪೇಸ್ ಆಟೋಕ್ಲೇವ್ ಹೋಯ್ತು. ತೂಕ ಸುಮಾರು 70 ಟನ್, ಎತ್ತರ 7.5 ಮೀಟರ್. 2019ರ ಜುಲೈನಲ್ಲಿ ಹೊರಟದ್ದು ತಲುಪಿದ್ದು 2020ರ ಜುಲೈನಲ್ಲಿ. ಸುಮಾರು 1,700 ಕಿಲೋಮೀಟರ್‌ಗೆ ಒಂದು ವರ್ಷ, ನಡುವೆ ಲಾಕ್‌ಡೌನ್ ಬೇರೆ. ಸಿಬ್ಬಂದಿ ಮುಂದೆ ಹೋಗಿ ದಾರಿಯ ತಂತಿಗಳನ್ನ ತೆಗೆಸಿ, ಮರದ ಕೊಂಬೆ ಕತ್ತರಿಸಿ, ರಸ್ತೆ ಸರಿ ಮಾಡಿ ಅದನ್ನ ದಾಟಿಸಿದರು. ಇಷ್ಟು ದೊಡ್ಡದು ಹೋಗುವಾಗ ಎಲ್ಲರೂ ಅಳೀತಾರೆ. ಯಾಮಾರೋದು 4 ಮೀಟರ್‌ನ ಆಸುಪಾಸಿನಲ್ಲಿರೋ, "ಹೋಗುತ್ತೆ ಬಿಡಿ ಸಾರ್" ಅನ್ನೋ ಲೋಡ್‌ಗಳಲ್ಲಿ.

ನಮ್ಮ ಕೈಲಿ ಏನಿದೆ?

ಸೈಟ್ ಇಂಜಿನಿಯರ್, ಖರೀದಿ ವಿಭಾಗ, ಲಾಜಿಸ್ಟಿಕ್ಸ್ ಆ್ಯಪ್ ಬರೆಯೋರು, ಮನೆ ಕಟ್ಟೋಕೆ ಯಂತ್ರ ತರಿಸೋರು: ಈ ಸರಪಳಿಯಲ್ಲಿ ನಮ್ಮಲ್ಲಿ ಎಷ್ಟೋ ಜನ ಇದ್ದೀವಿ. ಹಾಗಾಗಿ ನಾಲ್ಕು ಮಾತು.

• ಬ್ರೋಷರ್ ನಂಬಬೇಡಿ. ಯಂತ್ರ ಹತ್ತಿಸಿ, ಬಿಗಿದ ಮೇಲೆ ಅತಿ ಎತ್ತರದ ಬಿಂದುವಿನಿಂದ ನೆಲಕ್ಕೆ ಅಳೆಸಿ. ಆ ಅಂಕಿಯನ್ನ ಮೀಟರ್, ಅಡಿ ಎರಡರಲ್ಲೂ ಕ್ಯಾಬಿನ್ ಒಳಗೆ ಚಾಲಕನಿಗೆ ಕಾಣೋ ಹಾಗೆ ಅಂಟಿಸಿ.

• ಯಾರು ಅಳೆದರು ಅಂತ ಒಬ್ಬರ ಹೆಸರು ಬರೆದಿರಲಿ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ.

• ಹೋಗೋ ದಾರಿಯನ್ನ ಮೊದಲು ಒಬ್ಬರು ಬೈಕ್‌ನಲ್ಲಾದರೂ ಸುತ್ತಿ ಬರಲಿ. ಕೊನೆಯ ಐದು ಕಿಲೋಮೀಟರ್ ಮುಖ್ಯ.

• ರಸ್ತೆಯಲ್ಲಿ ಇಂಥ ಟ್ರೇಲರ್ ಸಿಕ್ಕರೆ, ಮುಖ್ಯವಾಗಿ ದ್ವಿಚಕ್ರದವರು, ಸೇತುವೆ ದಾಟೋವರೆಗೆ ಹಿಂದೆ ಅಂಟಿಕೊಂಡು ಹೋಗಬೇಡಿ. ರೈಲ್ವೆ ಸೇತುವೆಗೆ ವಾಹನ ಹೊಡೆದದ್ದನ್ನ ಕಂಡರೆ ವಿಡಿಯೋ ಆಮೇಲೆ. ಮೊದಲು 139 ಅಥವಾ 112ಕ್ಕೆ ಫೋನ್ ಮಾಡಿ, ಜಾಗ ಸರಿಯಾಗಿ ಹೇಳಿ. ಆ ಹಳಿಯ ಮೇಲೆ ಬರ್ತಿರೋ ರೈಲಿನ ಚಾಲಕನಿಗೆ ಕೆಳಗೆ ಏನಾಗಿದೆ ಅಂತ ಇನ್ನೂ ಗೊತ್ತಿರೋದಿಲ್ಲ.

ಒಂದು ಅಳತೆ ಟೇಪ್‌ನ ಬೆಲೆ ಇನ್ನೂರು-ಮುನ್ನೂರು ರೂಪಾಯಿ, ಅಳೆಯೋಕೆ ಐದು ನಿಮಿಷ. ಅದನ್ನ ಹಿಡಿಯೋರು ಯಾರು ಅಂತ ಲಾರಿ ಹೊರಡೋ ಮುಂಚೆ ತೀರ್ಮಾನ ಆಗಿರಬೇಕು.