ಪ್ರತಿಕೃತಿ ನಾಣ್ಯಗಳ ಸಂಗ್ರಹ ಮತ್ತು ಇಕ್ಕೇರಿ ವರಹ

ನಾಣ್ಯಸಂಗ್ರಾಹಕರಲ್ಲಿ ಖೋಟಾ ಹಾಗೂ ಪ್ರತಿಕೃತಿ ನಾಣ್ಯಗಳನ್ನೇ ಆಯ್ದು ಕೂಡಿಸುವವರಿದ್ದಾರೆ. ಇದನ್ನು ಬರಿಯ ಹವ್ಯಾಸವೆಂದು ಬದಿಗಿರಿಸಲಾಗದು. ಇಂತಹ ಸಂಗ್ರಹವು ಇತಿಹಾಸಕ್ಕೆ ಆಕರವಾಗಬಲ್ಲದು, ಇರುವ ಆಕರಗಳನ್ನು ಕೆಡಿಸಲೂ ಬಲ್ಲದು. ಇಕ್ಕೇರಿ ವರಹದ ನಿದರ್ಶನದಿಂದ ಇದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕೆಳದಿ ಅರಸರ ಈ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಕುಳಿತ ಶಿವಪಾರ್ವತಿಯರು, ಇನ್ನೊಂದರಲ್ಲಿ ‘ಶ್ರೀ ಸದಾಶಿವ’ ಎಂಬ ನಾಗರಿ ಬರಹ ಇವೆ. ಸದಾಶಿವನಾಯಕನ ನಂತರದವರೂ ಇದೇ ಬರಹವನ್ನು ಮುಂದುವರಿಸಿದರು. 1763ರಲ್ಲಿ ಬಿದನೂರನ್ನು, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಗೆದ್ದ ಹೈದರಾಲಿಯು ಶಿವಪಾರ್ವತಿಯರನ್ನು ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಅಚ್ಚುಹಾಕಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ಚಿತ್ರವಿದೆ. ಜನರ ನಂಬಿಕೆ ಗಳಿಸಿದ್ದ ಅಚ್ಚನ್ನು ಪ್ರಭುತ್ವವೇ ಅನುಸರಿಸಿದರೆ ಅದು ಅನುಕರಣೆ. ಚಲಾವಣೆಯ ಕಾಲದಲ್ಲಿಯೇ ವಂಚನೆಗಾಗಿ ಮಾಡಿದ್ದು ಖೋಟಾ. ಸಂಗ್ರಾಹಕರಿಗಾಗಿ ಈಚೆಗೆ ತಯಾರಿಸಿದ್ದು ಪ್ರತಿಕೃತಿ. ಈ ಮೂರನ್ನೂ ‘ನಕಲಿ’ ಎಂಬ ಒಂದೇ ಪದದಿಂದ ಕರೆಯುವುದು ಸಂಶೋಧನೆಗೆ ತೊಡಕಾಗುತ್ತದೆ.

ಇವುಗಳನ್ನು ಗುರುತಿಸಲು ಚಿನಿವಾರರ ತಕ್ಕಡಿ ಮತ್ತು ಒರೆಗಲ್ಲು ಇಂದಿಗೂ ಉಪಯುಕ್ತ. ವರಹದ ತೂಕ ಸುಮಾರು 3.4 ಗ್ರಾಂ. ಶುದ್ಧ ಚಿನ್ನವು ನೀರಿಗಿಂತ 19.3 ಪಟ್ಟು ಭಾರವಾದರೆ ಹಿತ್ತಾಳೆಯು ಸುಮಾರು 8.5 ಪಟ್ಟು ಮಾತ್ರ. ಆದ್ದರಿಂದ ಅದೇ ಗಾತ್ರದ ಹಿತ್ತಾಳೆಯ ಪ್ರತಿಕೃತಿ ಸುಮಾರು ಅರ್ಧದಷ್ಟು ತೂಗುತ್ತದೆ. ಎರಕ ಹೊಯ್ದ ನಾಣ್ಯದ ಅಂಚಿನಲ್ಲಿ ಬೆಸುಗೆಯಂತಹ ಗೆರೆಯೂ ಮೈಮೇಲೆ ಸಣ್ಣ ಗುಳಿಗಳೂ ಕಾಣಬಹುದು. ಆದರೆ ಚಿನ್ನದಲ್ಲಿಯೇ ಅಚ್ಚೊತ್ತಿದ ಪ್ರತಿಕೃತಿಯು ಈ ಪರೀಕ್ಷೆಗಳನ್ನೆಲ್ಲ ದಾಟಬಲ್ಲದು. ಆಗ ಉಳಿಯುವ ಆಧಾರವೆಂದರೆ ನಾಣ್ಯ ದೊರೆತ ಸ್ಥಳದ ವಿವರ.

ಇಲ್ಲಿಯೇ ಲಿಂಗನಮಕ್ಕಿಯ ಪರಿಸರ ವಿಶೇಷ ಎಚ್ಚರವನ್ನು ಬೇಡುತ್ತದೆ. 1964ರಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರಿನಲ್ಲಿ ಸಾಗರ, ಹೊಸನಗರ ಸೀಮೆಯ ಅನೇಕ ಊರುಗಳು ಮುಳುಗಿ, ಅಲ್ಲಿನ ಮನೆತನಗಳು ಚದುರಿದವು. ‘ಮುಳುಗಿದ ಊರಿನಲ್ಲಿ ಸಿಕ್ಕಿದ್ದು’ ಎಂಬ ಮಾತನ್ನು ಸ್ಥಳಕ್ಕೆ ಹೋಗಿ ಒರೆಗೆ ಹಚ್ಚುವುದು ಸುಲಭವಲ್ಲ. ಅಂತಹ ಮಾತಿನೊಡನೆ ಒಂದು ಪ್ರತಿಕೃತಿಯು ಲೇಖನವೊಂದನ್ನು ಸೇರಿದರೆ, ಕೆಳದಿಯ ವ್ಯಾಪಾರಮಾರ್ಗಗಳ ನಕ್ಷೆಯೇ ತಪ್ಪಾಗುವ ಸಂಭವವಿದೆ.

ಆದಕಾರಣ ಪ್ರತಿಕೃತಿಗಳನ್ನು ಕೂಡಿಸುವವರು ಯಾರಿಂದ, ಎಂದು, ಯಾವ ಬೆಲೆಗೆ ಪಡೆದರೆಂಬುದನ್ನೂ ತೂಕ ಹಾಗೂ ಲೋಹವನ್ನೂ ದಾಖಲೆಪುಸ್ತಕದಲ್ಲಿ ಬರೆದಿಡಬೇಕು. ನಾಣ್ಯದ ಪೊಟ್ಟಣದ ಮೇಲೆಯೂ ‘ಪ್ರತಿಕೃತಿ’ ಎಂದು ನಮೂದಿಸಬೇಕು. ಹಾಗೆ ದಾಖಲಾದ ಸಂಗ್ರಹವು ವಿದ್ಯಾರ್ಥಿಗಳಿಗೆ ಅಸಲು ನಾಣ್ಯವನ್ನು ಪರಿಶೀಲಿಸುವ ಕ್ರಮವನ್ನು ಕಲಿಸಲು ನೆರವಾಗುತ್ತದೆ. ದಾಖಲೆಯಿಲ್ಲದ ಸಂಗ್ರಹವು ಸಂಗ್ರಾಹಕರ ತರುವಾಯ ವಾರಸುದಾರರ ಕೈಗೆ ಅಸಲಾಗಿಯೇ ದಾಟುವ ಅಪಾಯವಿದೆ.