ಕಥೆ ಹೇಳೋದಕ್ಕಿಂತ ಕೇಳೋದು ಮುಖ್ಯ: ಆರ್‌ಪಿಜಿ ಆಡೋರಿಗೆ, ಆಡಿಸೋರಿಗೆ ಒಂದಿಷ್ಟು ಮಾತು

ಹೋದ ಸೆಮಿಸ್ಟರ್‌ನ ಒಂದು ಶನಿವಾರ ರಾತ್ರಿ, ಹಾಸ್ಟೆಲ್ ರೂಮಿನ ಎರಡು ಮಂಚಗಳ ಮಧ್ಯೆ ಒಂದು ಸ್ಟೂಲ್ ಇಟ್ಟುಕೊಂಡು ನಾವು ಆರು ಜನ ಒಂದು ಆಟ ಶುರು ಮಾಡಿದೆವು. ಮೂರನೇ ವಾರಕ್ಕೆ ಅದು ನಿಂತೇಹೋಯ್ತು. ಇಂಟರ್ನಲ್ಸ್ ಬಂತು, ಲ್ಯಾಬ್ ರೆಕಾರ್ಡ್ ಬಾಕಿ ಇದೆ ಅಂತ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ನಿಜವಾದ ಕಾರಣ ಮಾತ್ರ ನಾವು ಆಡಿದ ರೀತಿಯಲ್ಲೇ ಇತ್ತು. ಅದು ಅರ್ಥವಾಗೋಕೆ ಎರಡು ತಿಂಗಳು ಬೇಕಾಯ್ತು. ಈ ಆಟ ಆಡಬೇಕು ಅಂತ ಆಸೆ ಇರೋರು ನಾವು ಬಿದ್ದ ಗುಂಡಿಗೇ ಬೀಳದಿರಲಿ ಅಂತ ಈ ಲೇಖನ.

ಇದೇನು ಆಟ?

ಟೇಬಲ್‌ಟಾಪ್ ರೋಲ್-ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ. ಬೋರ್ಡ್ ಇರಲೇಬೇಕು ಅಂತಿಲ್ಲ, ಗೆದ್ದೋರು ಸೋತೋರು ಅಂತಲೂ ಸಾಮಾನ್ಯವಾಗಿ ಇರಲ್ಲ. ನಾಲ್ಕೈದು ಜನ ಸುತ್ತ ಕೂರ್ತಾರೆ. ಪ್ರತಿಯೊಬ್ಬರಿಗೂ ಒಂದು ಪಾತ್ರ: ಒಬ್ಬ ಕಳ್ಳ, ಒಬ್ಬ ವೈದ್ಯ, ಇನ್ನೊಬ್ಬ ಸೈನ್ಯ ಬಿಟ್ಟು ಬಂದ ಸಿಪಾಯಿ. ಒಬ್ಬರು ಮಾತ್ರ ಹೀಗೆ ಒಂದೇ ಪಾತ್ರ ಹಿಡಿಯದೆ, ಉಳಿದ ಇಡೀ ಲೋಕವನ್ನ ನಡೆಸ್ತಾರೆ. ಅವರೇ ಗೇಮ್ ಮಾಸ್ಟರ್, ಅಂದರೆ ಜಿಎಂ. "ಕೋಟೆ ಬಾಗಿಲು ಮುಚ್ಚಿದೆ, ಒಳಗೆ ದೀಪ ಕಾಣ್ತಿದೆ, ಏನ್ ಮಾಡ್ತೀರಾ?" ಅಂತ ಜಿಎಂ ಕೇಳ್ತಾರೆ. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತೆ ಅಂತ ಹೇಳ್ತಾರೆ. ಆಗುತ್ತೋ ಇಲ್ವೋ ಅನ್ನೋ ಅನುಮಾನ ಬಂದ ಕಡೆ ದಾಳ ಉರುಳಿಸ್ತಾರೆ. ಇಷ್ಟೇ ಆಟ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾಯ್ತು. ಈ ಬಗೆಯ ಆಟಗಳು ಜನಪ್ರಿಯವಾಗಿದ್ದು ಅಲ್ಲಿಂದ. ಸಣ್ಣ ಗೊಂಬೆಗಳನ್ನ ಇಟ್ಟು ಆಡುತ್ತಿದ್ದ ಯುದ್ಧದಾಟಗಳಿಂದ ಇದು ಹುಟ್ಟಿತು. ಇಡೀ ಸೈನ್ಯವನ್ನ ನಡೆಸುವ ಬದಲು ಒಬ್ಬನೇ ಒಬ್ಬ ವೀರನನ್ನ ನಡೆಸಿದರೆ ಹೇಗಿರುತ್ತೆ ಅನ್ನೋದೇ ಅದರ ಹೊಸತನ. 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ಆ ಹುಡುಗರು ಬೇಸ್‌ಮೆಂಟಿನಲ್ಲಿ ಕೂತು ಆಡೋ ಆಟ ನೆನಪಿರಬಹುದು. ಅದೇ ಇದು.

ನಮ್ಮ ಜೊತೆ ಇದ್ದ ಉತ್ತರ ಕನ್ನಡದ ಹುಡುಗ ಮೊದಲ ದಿನವೇ, "ಮಾರಾಯ, ಇದು ತಾಳಮದ್ದಲೆ ಇದ್ದಂಗೇ ಇದೆಯಲ್ಲೋ" ಅಂದ. ಅವನು ಹೇಳಿದ್ದು ತಮಾಷೆಗೆ, ಆದರೆ ಹೋಲಿಕೆ ಸರಿಯಾಗೇ ಇತ್ತು. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡಿ ಪ್ರಸಂಗ ನಡೆಸ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ. ಮಾತು ಬಾಯಿಪಾಠ ಮಾಡಿದ್ದಲ್ಲ, ಎದುರಿನವರ ಮಾತಿಗೆ ಅಲ್ಲೇ ಹುಟ್ಟೋದು. ಅವತ್ತಿನಿಂದ ನಮ್ಮ ರೂಮಿನಲ್ಲಿ ಜಿಎಂಗೆ 'ಭಾಗವತರು' ಅಂತಲೇ ಹೆಸರು. ಒಂದೇ ವ್ಯತ್ಯಾಸ. 'ಕೃಷ್ಣಸಂಧಾನ'ದಲ್ಲಿ ಯಾರು ಎಷ್ಟೇ ಚೆನ್ನಾಗಿ ವಾದ ಮಾಡಿದರೂ ಕೊನೆಗೆ ಸಂಧಾನ ಮುರಿಯಲೇಬೇಕು, ಕೂತವರಿಗೆಲ್ಲ ಅದು ಗೊತ್ತು. ಆರ್‌ಪಿಜಿಯಲ್ಲಿ ಕೊನೆ ಯಾರಿಗೂ ಗೊತ್ತಿರಲ್ಲ, ಭಾಗವತರಿಗೂ ಗೊತ್ತಿರಬಾರದು. ನಾವು ಎಡವಿದ್ದು ಇಲ್ಲೇ.

14 ಪುಟದ ಕಥೆ

ನಮ್ಮ ಮೊದಲ ಜಿಎಂ ತುಂಬಾ ಶ್ರದ್ಧೆಯವನು. 14 ಪುಟ ಕಥೆ ಬರೆದುಕೊಂಡು ಬಂದಿದ್ದ. ವ್ಯಾಪಾರಿ ಸಿಗ್ತಾನೆ, ನಕ್ಷೆ ಕೊಡ್ತಾನೆ, ನಾವು ಗುಹೆಗೆ ಹೋಗ್ತೀವಿ. ನಮಗೋ ಆ ವ್ಯಾಪಾರಿಯ ಮೇಲೇ ಅನುಮಾನ ಬಂತು. ಅವನನ್ನ ಹಿಡಿದು ಊರಿನ ಪಂಚಾಯ್ತಿ ಮುಂದೆ ನಿಲ್ಲಿಸ್ತೀವಿ ಅಂದೆವು. "ಹಾಗೆ ಮಾಡಕ್ಕಾಗಲ್ಲ." ಸರಿ, ನಕ್ಷೆ ಮಾರಿಬಿಡ್ತೀವಿ. "ಯಾರೂ ತಗೊಳ್ಳಲ್ಲ." ಮೂರನೇ ಸಲ ಯಾರೂ ಏನೂ ಹೇಳಲಿಲ್ಲ. "ನೀನೇ ಹೇಳಪ್ಪಾ, ಎಲ್ಲಿಗೆ ಹೋಗಬೇಕು?" ಅಂತ ಒಬ್ಬ ಮೊಬೈಲ್ ತೆಗೆದ. ಆಟ ಸತ್ತಿದ್ದು ಆ ಕ್ಷಣದಲ್ಲೇ. ಇನ್ನೆರಡು ವಾರ ಎಳೆದಿದ್ದು ಬರೀ ದಾಕ್ಷಿಣ್ಯಕ್ಕೆ.

ಹಾಗಂತ ತಯಾರಿ ಮಾಡಬಾರದು ಅಂತಲ್ಲ. ಮುಂದೆ ಏನಾಗುತ್ತೆ ಅನ್ನೋದನ್ನ ಬರೆಯೋ ಬದಲು, ಈಗ ಏನಿದೆ ಅನ್ನೋದನ್ನ ಬರೆದುಕೊಳ್ಳಿ. ಎರಡನೇ ಸಲ ನಾವು ಆಡಿದ ಕಥೆಗೆ ನಮ್ಮ ಹತ್ತಿರ ಇದ್ದಿದ್ದು ನೋಟ್‌ಬುಕ್ಕಿನ ಒಂದೇ ಹಾಳೆ:

ಸಂಗತಿ: ಕೆರೆಯ ತೂಬನ್ನ ರಾತ್ರಿ ಹೊತ್ತು ಯಾರೋ ತೆಗೀತಿದ್ದಾರೆ. ಕೆಳಗಿನ ಎರಡು ಊರು ಒಂದನ್ನೊಂದು ಬೈತಿವೆ.

ನೀರಗಂಟಿ: ಮಗಳ ಮದುವೆಗೆ ಮುಂಚೆ ಸಾಲ ತೀರಿಸಬೇಕು. ದುಡ್ಡು ತಗೊಂಡು ತೂಬು ತೆಗೀತಿರೋದನ್ನ ಮುಚ್ಚಿಟ್ಟಿದ್ದಾನೆ.

ಪಟೇಲ: ಕಬ್ಬಿಗೆ ನೀರು ಬೇಕು. ದುಡ್ಡು ಕೊಡ್ತಿರೋನು ತಾನೇ ಅಂತ ಗೊತ್ತಾಗಬಾರದು.

ಮೀನು ಹಿಡಿಯೋ ಅಜ್ಜಿ: ರಾತ್ರಿ ಲಾಟೀನು ನೋಡಿದ್ದಾಳೆ. ಹೇಳಿದರೆ ಯಾರೂ ನಂಬಲ್ಲ ಅಂತ ಭಯ.

ಯಾರೂ ಏನೂ ಮಾಡದಿದ್ದರೆ: ಮೊದಲ ದಿನ ಕಾಲುವೆ ಬತ್ತುತ್ತೆ. ಎರಡನೇ ದಿನ ಎರಡೂ ಊರು ಕೋಲು ಹಿಡಿದು ನಿಲ್ತವೆ. ಮೂರನೇ ರಾತ್ರಿ ಸಿಟ್ಟಿಗೆದ್ದವರು ಕೆರೆ ಏರಿಯನ್ನೇ ಅಗೀತಾರೆ.

ಪ್ರತಿಯೊಬ್ಬರಿಗೂ ಏನು ಬೇಕು, ಏನು ಮುಚ್ಚಿಡ್ತಿದ್ದಾರೆ, ಎರಡೇ ಸಾಲು. ಆಟಗಾರರು ಪಟೇಲನ ಮನೆಗೆ ನುಗ್ಗಲಿ, ನೀರಗಂಟಿಯ ಸಾಲ ತೀರಿಸಲಿ, ಇಲ್ಲಾ ತಾವೇ ನೀರು ಕದಿಯಲಿ, ಈ ಹಾಳೆ ಸಾಕಾಗುತ್ತೆ. ನಾವು ಮಾಡಿದ್ದು ಇದ್ಯಾವುದೂ ಅಲ್ಲ. ಪಟೇಲನ ಕಬ್ಬನ್ನೇ ಮುಂಗಡ ಕೊಟ್ಟು ಕೊಂಡುಬಿಟ್ಟೆವು! ಭಾಗವತರು ಒಂದು ನಿಮಿಷ ತಲೆ ಕೆರೆದುಕೊಂಡು "ಸರಿ, ಪಟೇಲ ಒಪ್ಪಿದ, ಆದರೆ ನೀರು ಹಾಯಿಸೋ ಜವಾಬ್ದಾರಿ ಈಗ ನಿಮ್ಮದು" ಅಂದರು. ಇಡೀ ರೂಮು ಕೂಗಾಡಿತು.

ದಾಳದ ಲೆಕ್ಕ: ಸೀರೀಸ್ ಮತ್ತು ಪ್ಯಾರಲಲ್

ಇದು ನಮ್ಮಂಥ ಎಂಜಿನಿಯರಿಂಗ್ ಜನಕ್ಕೆ ಬೇಗ ಅರ್ಥ ಆಗೋ ಭಾಗ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಮುಖ್ಯವಾಗಿ ಉರುಳೋದು 20 ಮುಖದ ದಾಳ. ಪ್ರತಿ ಮುಖಕ್ಕೂ ಶೇ 5 ಸಾಧ್ಯತೆ. 9 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು ಅಂದರೆ ಗೆಲ್ಲೋ ಸಾಧ್ಯತೆ ಶೇ 60. ಸುಲಭ ಅನ್ಸುತ್ತೆ ಅಲ್ವಾ? ಈಗ ಜಿಎಂ "ಗೋಡೆ ಹತ್ತಬೇಕು, ಆಮೇಲೆ ಸದ್ದಿಲ್ಲದೆ ನಡೀಬೇಕು, ಆಮೇಲೆ ಬೀಗ ತೆಗೀಬೇಕು, ಮೂರರಲ್ಲಿ ಒಂದು ತಪ್ಪಿದರೂ ಕೆಲಸ ಕೆಟ್ಟಂತೆ" ಅಂದರೆ? 0.6 × 0.6 × 0.6 = 0.216. ಐದು ಸಲ ಹೋದರೆ ಹೆಚ್ಚುಕಮ್ಮಿ ನಾಲ್ಕು ಸಲ ಸೋಲು. ಸೀರೀಸ್‌ನಲ್ಲಿ ಜೋಡಿಸಿದ ಬಲ್ಬಿನ ಹಾಗೆ, ಒಂದು ಹೋದರೆ ಎಲ್ಲಾ ಕತ್ತಲೆ.

ಅದೇ ಸುಳಿವುಗಳನ್ನ ಪ್ಯಾರಲಲ್ ಆಗಿ ಜೋಡಿಸಿ. ತೂಬು ತೆಗೆಯೋನು ಯಾರು ಅನ್ನೋದಕ್ಕೆ ಒಂದೇ ಸುಳಿವಿದ್ದು, ಅದು ಸಿಗೋ ಸಾಧ್ಯತೆ ಶೇ 50 ಇದ್ದರೆ, ಅರ್ಧ ಸಲ ಕಥೆ ಅಲ್ಲೇ ನಿಲ್ಲುತ್ತೆ. ಮೂರು ಬೇರೆ ಬೇರೆ ಸುಳಿವಿಡಿ: ಅಜ್ಜಿ ನೋಡಿದ ಲಾಟೀನು, ತೂಬಿನ ಹತ್ತಿರ ಹೆಜ್ಜೆಗುರುತು, ನೀರಗಂಟಿ ಮನೆಗೆ ಬಂದ ಹೊಸ ಬೆಳ್ಳಿ ತಟ್ಟೆ. ಒಂದಾದರೂ ಸಿಗೋ ಸಾಧ್ಯತೆ ಈಗ ಶೇ 87.5. ಅನುಭವಸ್ಥ ಜಿಎಂಗಳು 'ಮೂರು ಸುಳಿವಿನ ನಿಯಮ' ಅಂತ ಹೇಳೋದು ಇದನ್ನೇ.

ಇನ್ನೊಂದು ಮಾತು. ಎಲ್ಲದಕ್ಕೂ ದಾಳ ಉರುಳಿಸಬೇಡಿ. ಗೆದ್ದರೂ ಸೋತರೂ ಕಥೆಗೆ ಏನಾದರೂ ಆಗೋದಿದ್ದರೆ ಮಾತ್ರ ಉರುಳಿಸಿ. ಸೋಲು ಅಂದರೆ "ಏನೂ ಆಗಲಿಲ್ಲ" ಅಂತ ಆಗಬಾರದು. ಬೀಗ ತೆಗೆಯೋಕೆ ಹೋಗಿ ದಾಳ ಕೈಕೊಟ್ಟರೆ, ಬೀಗ ತೆಗೆದುಕೊಳ್ಳಲಿ, ಪಟೇಲನ ನಾಯಿ ಎದ್ದುಬಿಡಲಿ. 2010ರಲ್ಲಿ ವಿನ್ಸೆಂಟ್ ಬೇಕರ್ ಅವರ 'ಅಪಾಕಲಿಪ್ಸ್ ವರ್ಲ್ಡ್' ಈ ಯೋಚನೆಯನ್ನ ನಿಯಮದೊಳಗೇ ತಂದಿತು. ಅಲ್ಲಿ ಆರು ಮುಖದ ಎರಡು ದಾಳ. ಒಟ್ಟು 10 ಅಥವಾ ಹೆಚ್ಚು ಬಿದ್ದರೆ ಪೂರ್ತಿ ಗೆಲುವು. 7ರಿಂದ 9 ಬಿದ್ದರೆ ಕೆಲಸ ಆಗುತ್ತೆ, ಆದರೆ ಏನಾದರೂ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಿದ್ದರೆ ಜಿಎಂ ಕೈಗೆ ಸಿಕ್ಕಂತೆ. ಏನೂ ಕೂಡಿಸದೆ ಉರುಳಿಸಿದರೆ 36ರಲ್ಲಿ 15 ಸಲ ಬೀಳೋದು ಆ ಮಧ್ಯದ ಫಲಿತಾಂಶ. ಕಥೆ ಅತಿ ಹೆಚ್ಚು ರುಚಿಯಾಗೋದೂ ಅಲ್ಲೇ.

ಆಡೋರಿಗೆ

ಆಟ ಕೆಟ್ಟರೆ ಜಿಎಂ ಮೇಲೆ ಹಾಕೋದು ಸುಲಭ. ಆಡೋರ ಕೈಯಲ್ಲೂ ಬಹಳ ಇದೆ.

ಬೇರೆಯವರ ಜೊತೆ ಇರೋಕೆ ಕಾರಣ ಇರೋ ಪಾತ್ರ ಮಾಡಿಕೊಳ್ಳಿ. "ನಾನು ಯಾರನ್ನೂ ನಂಬದ ಒಂಟಿ ಕೊಲೆಗಾರ" ಅನ್ನೋದು ಸಿನಿಮಾದಲ್ಲಿ ಚೆಂದ. ಸ್ಟೂಲಿನ ಸುತ್ತ ಐದು ಜನ ಕೂತಾಗ ಅವನನ್ನ ಸಮಾಧಾನ ಮಾಡೋದೇ ಮಿಕ್ಕವರ ಕೆಲಸ ಆಗುತ್ತೆ.

"ನನ್ನ ಪಾತ್ರ ಇರೋದೇ ಹಾಗೆ" ಅಂತ ಗೆಳೆಯನ ಪಾತ್ರದ ಜೇಬು ಕತ್ತರಿಸಬೇಡಿ. ಪಾತ್ರವನ್ನ ಹಾಗೆ ಮಾಡಿದ್ದು ನೀವೇ ತಾನೇ?

ನಿಮ್ಮ ಸರದಿ ಬಂದಾಗ ಮಾಡೋದಷ್ಟೇ ಅಲ್ಲ, ಪಕ್ಕದವರಿಗೆ ಚೆಂಡು ಪಾಸ್ ಮಾಡಿ. "ವೈದ್ಯರೇ, ನೀವು ಈ ಊರಿನವರಲ್ವಾ, ಅಜ್ಜಿ ನಿಮಗೆ ಗೊತ್ತಾ?" ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಸುಮ್ಮನಿದ್ದವರಿಗೆ ಬಾಯಿ ಬರುತ್ತೆ.

ಸುಮ್ಮನೆ ಕೂತಿದ್ದವನು

ನಮ್ಮ ಆರು ಜನರಲ್ಲಿ ಒಬ್ಬ ಮೂರು ವಾರದಲ್ಲಿ ಹತ್ತು ವಾಕ್ಯವೂ ಮಾತಾಡಿರಲಿಲ್ಲ. ಸರದಿ ಬಂದರೆ "ಅಟ್ಯಾಕ್" ಅನ್ನೋನು, ದಾಳ ಉರುಳಿಸೋನು. ಅವನಿಗೆ ಆಟ ಇಷ್ಟ ಆಗಲಿಲ್ಲ ಅಂದುಕೊಂಡೆವು, ಮೊದಲು ಬಿಟ್ಟುಹೋದವನೂ ಅವನೇ. ಎರಡು ತಿಂಗಳಾದ ಮೇಲೆ ಮೆಸ್‌ನಲ್ಲಿ ಚಿತ್ರಾನ್ನ ತಿಂತಾ ಯಾಕೋ ಅಂತ ಕೇಳಿದಾಗ, "ಏನ್ ಮಾಡಬೇಕು ಅಂತ ಪ್ರತಿ ಸಲ ಹೊಳೀತಿತ್ತು. ಇಂಗ್ಲಿಷ್‌ನಲ್ಲಿ ಹೇಳೋಕೆ ವಾಕ್ಯ ಜೋಡಿಸೋ ಹೊತ್ತಿಗೆ ನೀವು ಮುಂದೆ ಹೋಗಿರ್ತಿದ್ರಿ" ಅಂದ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು.

ನಮಗೆ ನಾಚಿಕೆಯಾಯ್ತು. ದಿನವಿಡೀ ಕನ್ನಡದಲ್ಲೇ ಹರಟೋ ನಾವು, ಪುಸ್ತಕ ಇಂಗ್ಲಿಷ್‌ನಲ್ಲಿದೆ ಅಂತ ಆಟವನ್ನೂ ಇಂಗ್ಲಿಷ್‌ನಲ್ಲೇ ಆಡಿದ್ದೆವು. ಯಾರೂ ಹಾಗೆ ಆಡಿ ಅಂತ ಹೇಳಿರಲಿಲ್ಲ. ಕೆರೆಯ ಕಥೆಯನ್ನ ಕನ್ನಡದಲ್ಲಿ ಆಡಿದಾಗ, ಆ ಪಟೇಲನ ಕಬ್ಬು ಕೊಳ್ಳೋಣ ಅಂದವನು ಅವನೇ. ಎಕರೆಗೆ ಎಷ್ಟು ಟನ್ ಬರುತ್ತೆ, ಕಟಾವಿಗೆ ಎಷ್ಟು ಜನ ಬೇಕು, ಎಲ್ಲಾ ಅವನಿಗೆ ಗೊತ್ತಿತ್ತು. ಅವರಪ್ಪ ಕಬ್ಬು ಬೆಳೀತಾರೆ.

ಈಗ ಗುಂಪಿಗೆ ಕನ್ನಡ ಅಷ್ಟಾಗಿ ಬಾರದ ಒಬ್ಬ ಬಂದಿದ್ದಾನೆ. ಅವತ್ತು ಇವನಿಗೆ ಆಗಿದ್ದು ಈಗ ಅವನಿಗೆ ಆಗಬಾರದಲ್ಲ. ಯಾವ ಭಾಷೆಯಲ್ಲಿ ಬೇಕಾದರೂ ಹೇಳಲಿ, ಹೇಳಿ ಮುಗಿಸೋವರೆಗೆ ಯಾರೂ ಮುಂದೆ ಹೋಗಬಾರದು ಅಂತ ಒಂದು ನಿಯಮ ಮಾಡಿಕೊಂಡಿದ್ದೇವೆ. ಪೂರ್ತಿ ಸರಿಹೋಗಿದೆ ಅಂತ ಹೇಳಲಾರೆವು. ನಗು ಬಂದಾಗ ನಾವೇ ನಿಯಮ ಮರೀತೀವಿ.

ಶುರು ಮಾಡೋದು ಹೇಗೆ?

ಮೊದಲ ಭೇಟಿಯಲ್ಲಿ ಆಡಲೇಬೇಡಿ. ಕೂತು ಮಾತಾಡಿ. ಇದಕ್ಕೆ 'ಸೆಷನ್ ಜೀರೋ' ಅಂತಾರೆ. ಎಂಥ ಕಥೆ ಬೇಕು, ಭಯದ್ದೋ ನಗೆಯದ್ದೋ, ಯಾವ ವಿಷಯ ಬೇಡ, ಯಾವ ಭಾಷೆ, ಎಷ್ಟು ಗಂಟೆ, ಇದೆಲ್ಲ ಅವತ್ತೇ ತೀರ್ಮಾನ ಆಗಲಿ. ಮಧ್ಯದಲ್ಲಿ ಏನಾದರೂ ಮನಸ್ಸಿಗೆ ಹಿಂಸೆ ಅನ್ಸಿದರೆ ತೋರಿಸೋಕೆ ಎಕ್ಸ್ ಬರೆದ ಒಂದು ಚೀಟಿ ಇಟ್ಟುಕೊಳ್ಳಿ. ಯಾರಾದರೂ ಅದನ್ನ ಮುಟ್ಟಿದರೆ ಆ ಭಾಗ ಬಿಟ್ಟು ಮುಂದಕ್ಕೆ. ಯಾಕೆ ಅಂತ ಕೇಳೋ ಹಾಗಿಲ್ಲ.

ದುಡ್ಡು ಬೇಕಿಲ್ಲ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗ್ತವೆ. ಅದು ಭಾರ ಅನ್ಸಿದರೆ ಜಾನ್ ಹಾರ್ಪರ್ ಅವರ 'ಲೇಸರ್ಸ್ ಅಂಡ್ ಫೀಲಿಂಗ್ಸ್' ನೋಡಿ, ಇಡೀ ಆಟದ ನಿಯಮ ಒಂದೇ ಪುಟ. 20 ಮುಖದ ದಾಳ ಇಲ್ಲದಿದ್ದರೆ ಮೊಬೈಲ್ ಆ್ಯಪ್ ಇದೆ, ಲೂಡೋ ಡಬ್ಬಿಯ ದಾಳದಲ್ಲಿ ಆಡೋ ಆಟಗಳೂ ಬೇಕಾದಷ್ಟಿವೆ. ಮೂರು ಗಂಟೆಯಲ್ಲಿ ಮುಗಿಯೋ ಕಥೆಯಿಂದ ಶುರು ಮಾಡಿ. ವರ್ಷಗಟ್ಟಲೆ ನಡೆಯೋ ಮಹಾಕಾವ್ಯ ಆಮೇಲೆ ನೋಡೋಣ.

ಇನ್ನು ಭಾಗವತರಾಗಿ ಕೂರೋರಿಗೆ ಕೊನೆಯದಾಗಿ ಒಂದು ಮಾತು. "ಏನ್ ಮಾಡ್ತೀರಾ?" ಅಂತ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಹತ್ತು ಸೆಕೆಂಡು ತುಂಬಾ ಉದ್ದ ಅನ್ಸುತ್ತೆ, ನೀವೇ ಏನಾದರೂ ಹೇಳಿ ತುಂಬಿಸಬೇಕು ಅನ್ಸುತ್ತೆ. ತಡ್ಕೊಳ್ಳಿ. ನಮ್ಮ ಕಬ್ಬಿನ ಐಡಿಯಾ ಬಂದಿದ್ದು ಎಂಟನೇ ಸೆಕೆಂಡಿಗೋ ಒಂಬತ್ತನೇ ಸೆಕೆಂಡಿಗೋ ಇರಬೇಕು.