ಮನೆಯಲ್ಲಿಯೇ ಮೂರು ಪದರಿನ ಸಾಬೂನು

ಸಾಬೂನು ಎಂದೊಡನೆ ಕನ್ನಡ ನಾಡಿನ ಮನೆಗಳಿಗೆ ನೆನಪಾಗುವುದು ಮೈಸೂರು ಸ್ಯಾಂಡಲ್. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು ಮರ ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಅದರಿಂದ ಎಣ್ಣೆ ತೆಗೆಯುವ ಉದ್ಯಮಕ್ಕೆ ನಾಂದಿ ಹಾಡಿದರು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರು ಆ ಎಣ್ಣೆಯ ಪರಿಮಳವನ್ನು ಸಾಬೂನಿಗೆ ತುಂಬಿದರು. 1918ರ ವೇಳೆಗೆ ಬೆಂಗಳೂರಿನಲ್ಲಿ ಅದು ಸಿದ್ಧವಾಗತೊಡಗಿತು.

ಆ ವಿದ್ಯೆಯ ಮೂಲತತ್ತ್ವ ಮನೆಗೂ ಸಲ್ಲುವಂಥದು. ಎಣ್ಣೆಯೂ ಕ್ಷಾರವೂ ಕೂಡಿದರೆ ಸಾಬೂನು ಮತ್ತು ಗ್ಲಿಸರಿನ್ ಆಗುತ್ತವೆ. ಒಲೆಯ ಮೇಲೆ ಕುದಿಸದೆ, ಮಿಶ್ರಣದ ಸ್ವಂತ ಕಾವಿನಲ್ಲಿಯೇ ಪಕ್ವವಾಗಲು ಬಿಡುವುದು ತಣ್ಣನೆಯ ವಿಧಾನ. ಕುಂದಲಹಳ್ಳಿಯ ನಮ್ಮ ಮನೆಯಲ್ಲಿ ಮೊದಲ ಸಲ ತಕ್ಕಡಿಯನ್ನು ಬಿಟ್ಟು ಲೋಟದಲ್ಲಿ ಅಳೆದೆವು. ಸಾಬೂನು ಸೀಮೆಸುಣ್ಣದಂತೆ ಪುಡಿಯಾಯಿತು. ಮುಟ್ಟಿದ ಕೈ ಉರಿಯಿತು. ಅಷ್ಟನ್ನೂ ಎಸೆಯಬೇಕಾಯಿತು. ತೂಕವೇ ಇಲ್ಲಿ ಜೀವಾಳ.

ಸಾಮಗ್ರಿ: ಕೊಬ್ಬರಿ ಎಣ್ಣೆ 250 ಗ್ರಾಂ, ಕಡಲೆಕಾಯಿ ಎಣ್ಣೆ 200 ಗ್ರಾಂ, ಹರಳೆಣ್ಣೆ 50 ಗ್ರಾಂ, ಶುದ್ಧ ಕಾಸ್ಟಿಕ್ ಸೋಡಾ 75 ಗ್ರಾಂ, ಬಟ್ಟಿ ಇಳಿಸಿದ ನೀರು 160 ಗ್ರಾಂ, ಅರಿಶಿನ ಮತ್ತು ನುಣುಪಾದ ಇದ್ದಿಲ ಪುಡಿ ತಲಾ ಅರ್ಧ ಚಮಚ. ನಮ್ಮ ಕೊಳವೆಬಾವಿಯ ಗಡಸು ನೀರು ಇದಕ್ಕೆ ಒಗ್ಗದು. ಅದರಲ್ಲಿನ ಸುಣ್ಣದಂಶ ಸಾಬೂನನ್ನು ಕಶ್ಮಲವಾಗಿ ಒಡೆಯುತ್ತದೆ.

ಕೈಗವಸು, ಕನ್ನಡಕ ಧರಿಸಿ, ಗಾಳಿಯಾಡುವ ಕಡೆ ಸ್ಟೀಲ್ ಪಾತ್ರೆಯಲ್ಲಿ ಕೆಲಸ ಮಾಡಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ. ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಲೇ ಕೂಡದು. ಅದು ಭುಗಿಲೆದ್ದು ಸಿಡಿಯುತ್ತದೆ. ದ್ರಾವಣವೂ ಎಣ್ಣೆಗಳೂ ಸುಮಾರು 40 ಡಿಗ್ರಿಗೆ ಆರಿದ ಮೇಲೆ ಬೆರೆಸಿ, ತೆಳು ದೋಸೆಹಿಟ್ಟಿನ ಹದ ಬರುವವರೆಗೆ ಕದಡುತ್ತಿರಬೇಕು.

ಈಗ ಮೂರು ಪಾಲು ಮಾಡಿ. ಒಂದಕ್ಕೆ ಅರಿಶಿನ, ಒಂದಕ್ಕೆ ಇದ್ದಿಲು. ಮತ್ತೊಂದು ಹಾಗೆಯೇ ಬಿಳಿ. ಸುಣ್ಣ ತಾಕಿದಾಗಿನಂತೆ ಅರಿಶಿನ ಮೊದಲು ಕೆಂಪೇರುತ್ತದೆ. ಕ್ಷಾರ ಕರಗಿದಂತೆ ಹಳದಿಯ ಕಡೆಗೆ ತಿರುಗುತ್ತದೆ. ಗಾಬರಿ ಬೇಡ. ಬೆಣ್ಣೆ ಕಾಗದ ಹಾಸಿದ ಅಚ್ಚಿನ ತಳಕ್ಕೆ ಅರಿಶಿನದ ಪಾಲನ್ನು ಗಟ್ಟಿ ಮಾಡಿ ಸುರಿಯಿರಿ. ಅದರ ಮೈ ಬಿಗಿದ ಮೇಲೆಯೇ ಬಿಳಿಯದನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಇಳಿಸಿ, ಕೊನೆಗೆ ಕಪ್ಪು. ಅವಸರಪಟ್ಟ ದಿನ ನಮ್ಮ ಕಪ್ಪು ಪದರು ತಳಕ್ಕೇ ಇಳಿದಿತ್ತು. ಅತಿ ತಡವಾದರೂ ಪದರುಗಳು ಒಂದಕ್ಕೊಂದು ಅಂಟದೆ ಕಳಚುತ್ತವೆ.

ಒಂದು ದಿನ ಮುಚ್ಚಿಟ್ಟು, ಗಟ್ಟಿಯಾದಾಗ ಗಡ್ಡೆಯನ್ನು ಮಗ್ಗುಲಿಗೆ ಮಲಗಿಸಿ ಕತ್ತರಿಸಿ. ಕಪ್ಪು ಬಿಳಿಯ ಮೇಲೆ ಎಳೆಯುವುದಿಲ್ಲ. ನಂತರ ನೆರಳಿನಲ್ಲಿ 4ರಿಂದ 6 ವಾರ ಮಾಗಬೇಕು.

ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಕಾಸ್ಟಿಕ್ ಸೋಡಾ ನೋಡಲು ಸಬ್ಬಕ್ಕಿಯಂತೆ, ಸಕ್ಕರೆಯಂತೆ. ಒಮ್ಮೆ ನಾವು ಅದನ್ನು ಅಡುಗೆಮನೆಯ ಹಳೆಯ ಡಬ್ಬಿಯಲ್ಲಿಟ್ಟಿದ್ದೆವು. ಮನೆಯ ಮಗು ಅದರ ಮುಚ್ಚಳಕ್ಕೆ ಕೈಹಾಕಿದಾಗ ಅಜ್ಜಿ ಕಂಡು ಕಸಿದುಕೊಂಡರು. ಅಂದಿನಿಂದ ಅದು ಹೆಸರು ಬರೆದ ಡಬ್ಬಿಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿದೆ. ಮೈಗೆ ತಗುಲಿದರೆ ಹೆಚ್ಚು ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ನುಂಗಿದರೆ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಇಷ್ಟು ಎಚ್ಚರವಿರುವ ಮನೆಯಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕುವುದು ಲೇಸು.